ಡೀಸೆಲ್ ನಿಂತರೆ ಊರೂ ನಿಲ್ಲುತ್ತದೆಯೇ?

ಪ್ರಶ್ನೆ: ಪೆಟ್ರೋಲ್, ಡೀಸೆಲ್ ಬೆಲೆ ಏರುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ದುಡ್ಡು ಕೊಟ್ಟರೂ ಸಿಗದ ಕಾಲ ಬಂದರೆ? ಟ್ರ್ಯಾಕ್ಟರ್, ಬಸ್ಸು, ತರಕಾರಿ ಲಾರಿ ಎಲ್ಲ ನಿಂತರೆ ಜನ ಬದುಕುವುದು ಹೇಗೆ? ಎಲ್ಲಾದರೂ ಹೀಗಾಗಿದೆಯೇ?

ಉತ್ತರ: ಆಗಿದೆ, ಕ್ಯೂಬಾದಲ್ಲಿ. ಸಕ್ಕರೆ ಕೊಟ್ಟು ಸೋವಿಯತ್ ಒಕ್ಕೂಟದಿಂದ ಎಣ್ಣೆ ತರಿಸಿಕೊಳ್ಳುತ್ತಿದ್ದ ದೇಶ ಅದು. 1980ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 1.3 ಕೋಟಿ ಟನ್ ಬರುತ್ತಿತ್ತು. 1991ರಲ್ಲಿ ಒಕ್ಕೂಟವೇ ಒಡೆದುಹೋಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಎಣ್ಣೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಅಮೆರಿಕದ ದಿಗ್ಬಂಧನ ಮೊದಲಿನಿಂದಲೂ ಇತ್ತು. ಡೀಸೆಲ್ಲಿನ ಜೊತೆ ರಸಗೊಬ್ಬರ, ಕೀಟನಾಶಕ, ಟ್ರ್ಯಾಕ್ಟರ್ ಬಿಡಿಭಾಗ ಎಲ್ಲಕ್ಕೂ ಬರ. ಕರೆಂಟು ಎಷ್ಟು ಅಪರೂಪವಾಯಿತೆಂದರೆ, ಜನ 'ಕತ್ತಲಾಯಿತು' ಎನ್ನುವುದನ್ನು ಬಿಟ್ಟು, ಆಗೊಮ್ಮೆ ಈಗೊಮ್ಮೆ ಬರುವ ಬೆಳಕಿಗೇ 'ಅಲುಂಬ್ರೋನ್' ಎಂದು ಹೆಸರಿಟ್ಟು ನಗಾಡಿದರು.

ಈ ಕಥೆಯನ್ನು ಹಸಿರು ಸ್ವರ್ಗದ ಕಥೆಯಂತೆ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಜನ ಸರಾಸರಿ ಐದು ಕಿಲೋ ತೂಕ ಕಳೆದುಕೊಂಡರು. 1992-93ರಲ್ಲಿ ಪೌಷ್ಟಿಕಾಂಶದ ಕೊರತೆಯಿಂದ 50,000ಕ್ಕೂ ಹೆಚ್ಚು ಜನರಿಗೆ ಕಣ್ಣಿನ, ನರಗಳ ರೋಗ ಬಂತು. ಸರ್ಕಾರ ಇಡೀ ದೇಶಕ್ಕೇ ವಿಟಮಿನ್ ಮಾತ್ರೆ ಹಂಚಬೇಕಾಯಿತು. 1994ರ ಬೇಸಿಗೆಯಲ್ಲಿ 30,000ಕ್ಕೂ ಹೆಚ್ಚು ಮಂದಿ ಟೈರು, ಹಲಗೆ ಕಟ್ಟಿದ ತೆಪ್ಪಗಳಲ್ಲಿ ಸಮುದ್ರಕ್ಕಿಳಿದು ಹೊರಟುಬಿಟ್ಟರು. ಉಳಿದವರು ಮಾಡಿದ್ದೇನು ಎಂಬುದನ್ನು ಇದರ ಪಕ್ಕದಲ್ಲಿಟ್ಟೇ ನೋಡಬೇಕು.

ಓಡಾಟದ ಮಾತು ಬೇಗ ಮುಗಿಸುತ್ತೇನೆ. ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ಬಂದವು. ರಾಜಧಾನಿ ಹವಾನದ ಕೊಲ್ಲಿಯ ಕೆಳಗಿನ ಸುರಂಗದಲ್ಲಿ ಸೈಕಲ್ ತುಳಿಯುವಂತಿರಲಿಲ್ಲ. ಅದಕ್ಕೆ ಸೀಟು ಕಿತ್ತ ಬಸ್ಸೊಂದು ಸೈಕಲ್ಲನ್ನೂ ಸವಾರನನ್ನೂ ಒಟ್ಟಿಗೆ ದಾಟಿಸುತ್ತಿತ್ತು. ಲಾರಿಯ ಹಿಂದೆ ಕಟ್ಟಿ ಎಳೆಸುತ್ತಿದ್ದ ಉದ್ದನೆಯ ಬಸ್ಸಿಗೆ ಎರಡು ಡುಬ್ಬವಿದ್ದುದರಿಂದ ಜನ ಅದನ್ನು 'ಒಂಟೆ' ಎಂದರು. ಒಂದೊಂದರಲ್ಲೂ ಇನ್ನೂರು, ಮುನ್ನೂರು ಜನ. ನನಗೆ ಮೆಚ್ಚುಗೆಯಾದದ್ದು ಹಳದಿ ಸಮವಸ್ತ್ರದವರು. ರಸ್ತೆ ಬದಿ ನಿಂತು, ಸೀಟು ಖಾಲಿ ಇರುವ ಸರ್ಕಾರಿ ವಾಹನಗಳಿಗೆ ಕೈ ಅಡ್ಡ ಹಿಡಿದು, ಕಾಯುತ್ತಿದ್ದವರನ್ನು ಸರದಿ ಪ್ರಕಾರ ಹತ್ತಿಸುವುದೇ ಅವರ ನೌಕರಿ. ನಮ್ಮಲ್ಲಿ ಸಾಹೇಬರ ಕಾರಿಗೆ ಹೀಗೆ ಕೈ ಅಡ್ಡ ಹಿಡಿಯುವವರು ಯಾರು ಎಂದು ಮಾತ್ರ ಕೇಳಬೇಡಿ.

ಅಸಲಿ ಸಂಗತಿ ಇರುವುದು ಹೊಲದಲ್ಲಿ. ಟ್ರ್ಯಾಕ್ಟರ್ ನಿಂತ ಮೇಲೆ ಎತ್ತು ಬೇಕಾಯಿತು. ಎತ್ತು ಸಿಕ್ಕಿತು, ಪಳಗಿಸುವವರು ಸಿಗಲಿಲ್ಲ. ಒಂದು ತಲೆಮಾರು ಪೂರ್ತಿ ಟ್ರ್ಯಾಕ್ಟರ್ ಮೇಲೇ ಬೆಳೆದಿತ್ತು. ಮೂಲೆಯಲ್ಲಿ ಕೂತಿದ್ದ ಮುದುಕರನ್ನು ಹುಡುಕಿ ಕರೆತಂದು ಗುರುಗಳನ್ನಾಗಿ ಮಾಡಿದರು. ಕೆಲವೇ ವರ್ಷಗಳಲ್ಲಿ ಉಳುವ ಎತ್ತುಗಳ ಸಂಖ್ಯೆ ಎರಡು ಪಟ್ಟಿನಷ್ಟಾಯಿತು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೂತುಹೋಗುವ ಕೆಸರಿನಲ್ಲೂ ಎತ್ತು ನಡೆಯುತ್ತದೆ ಎಂಬುದು ಅಲ್ಲಿನ ಕೃಷಿ ಅಧಿಕಾರಿಗಳಿಗೆ ಹೊಸ ಶೋಧದಂತೆ ಕಂಡಿತಂತೆ. ನಮ್ಮ ಗದ್ದೆಯವರು ಕೇಳಿದರೆ ನಕ್ಕಾರು.

ಪಟ್ಟಣದಲ್ಲಿ ಖಾಲಿ ನಿವೇಶನ, ಕಸದ ಗುಂಡಿ, ಕೆಡವಿದ ಕಟ್ಟಡದ ಜಾಗಗಳಿಗೆ ಜನ ಇಳಿದರು. ನೆಲದಲ್ಲಿ ಬರೀ ಕಲ್ಲು, ಗಾರೆ ಚೂರು. ಹಾಗಾಗಿ ಸಿಮೆಂಟ್ ಇಟ್ಟಿಗೆಯನ್ನೋ ಹಳೇ ಹೆಂಚನ್ನೋ ಅಂಚಿಗೆ ನಿಲ್ಲಿಸಿ, ಒಳಗೆ ಮಣ್ಣು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ತುಂಬಿ ಎತ್ತರದ ಮಡಿ ಮಾಡಿದರು. ಮಡಿಯ ತುದಿಗೆ ಜೋಳ, ಚೆಂಡುಹೂವು, ಹುಳ ಮೊದಲು ಅಲ್ಲಿಗೇ ಹೋಗಲಿ ಎಂದು. ಔಷಧಿಗೆ ಬೇವು, ಹೌದು, ನಮ್ಮದೇ ಬೇವು, ಅಲ್ಲಿ ನೆಟ್ಟು ಬೆಳೆಸಿದ್ದು. ಬೆಳಿಗ್ಗೆ ಕೊಯ್ದ ಸೊಪ್ಪನ್ನು ಗೇಟಿನ ಬಳಿಯೇ ಅಕ್ಕಪಕ್ಕದವರಿಗೆ ಮಾರಾಟ, ಲಾರಿಯ ಹಂಗಿಲ್ಲ. ಹವಾನ ಪಕ್ಕದ ಅಲಾಮಾರ್ ಬಡಾವಣೆಯ ಅಪಾರ್ಟ್‌ಮೆಂಟ್‌ಗಳ ನಡುವೆ 1997ರಲ್ಲಿ ಕೆಲವೇ ಜನ ಶುರು ಮಾಡಿದ ಸಹಕಾರಿ ತೋಟ ಮುಂದೆ ಸುಮಾರು 25 ಎಕರೆಯಾಯಿತು.

ಆದರೆ ಇದೆಲ್ಲ ಉತ್ಸಾಹವೊಂದರಿಂದಲೇ ಆಗಲಿಲ್ಲ. ಉಳುವವರಿಗೆ ಸರ್ಕಾರಿ ಜಾಗವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. 1993ರಲ್ಲಿ ದೊಡ್ಡ ಸರ್ಕಾರಿ ಫಾರಂಗಳನ್ನು ಒಡೆದು ಸಹಕಾರಿ ಗುಂಪುಗಳಿಗೆ ಕೊಟ್ಟರು. ತೆಪ್ಪ ಹತ್ತಿ ಹೋದವರ ಗದ್ದಲದ ಬೆನ್ನಲ್ಲೇ, 1994ರ ಅಕ್ಟೋಬರ್‌ನಲ್ಲಿ, ರೈತರು ಮಿಕ್ಕಿದ ಬೆಳೆಯನ್ನು ತಮ್ಮ ದರಕ್ಕೆ ಮಾರುವ ಸಂತೆ ಮತ್ತೆ ತೆರೆಯಿತು. ನೆಲ ಮತ್ತು ಸಂತೆ, ಇವೆರಡು ಕೈಗೆ ಬರದಿದ್ದರೆ ಬೇವು, ಎರೆಹುಳು ಯಾವುದೂ ಹೊಟ್ಟೆ ತುಂಬಿಸುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ಅಷ್ಟಾದರೂ ಅಕ್ಕಿ, ಗೋಧಿಗೆ ಕ್ಯೂಬಾ ಇಂದಿಗೂ ಆಮದನ್ನೇ ನಂಬಿದೆ. 2024ರ ಅಕ್ಟೋಬರ್‌ನಲ್ಲಿ ಒಂದು ವಿದ್ಯುತ್ ಸ್ಥಾವರ ಕೈಕೊಟ್ಟು ಇಡೀ ದ್ವೀಪವೇ ಕತ್ತಲಾಯಿತು.

ಇನ್ನೊಂದು ವಿಚಿತ್ರವಿದೆ. ನಡೆದು, ಸೈಕಲ್ ತುಳಿದು, ಕಡಿಮೆ ತಿಂದ ಆ ವರ್ಷಗಳ ನಂತರ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯಿಂದ ಸಾಯುವವರು ಕಡಿಮೆಯಾದರು. ಊಟ ಸುಧಾರಿಸಿ ತೂಕ ಮರಳಿದಾಗ ಸಕ್ಕರೆ ಕಾಯಿಲೆಯೂ ಮರಳಿತು. ಹಾಗೆಂದು ಹಸಿವನ್ನು ಪಥ್ಯವೆಂದು ಕರೆಯುವ ಧೈರ್ಯ ನನಗಿಲ್ಲ.

ನಮ್ಮ ಮಾತಿಗೆ ಬಂದರೆ, ಭಾರತ ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ, ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡಿದ ದೇಶ ನಮ್ಮದು. ಮುಯ್ಯಾಳು ಎಂಬ ಪದ್ಧತಿಯೂ ನಮ್ಮಲ್ಲಿತ್ತು: ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಹಾಗಾಗಿ 'ಈಗಲೇ ಏನು ಮಾಡಬಹುದು' ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಹೋಬಳಿಯಲ್ಲಿ ಹೋರಿ ಪಳಗಿಸುವವರು, ನೊಗ ಮಾಡುವ ಬಡಗಿ, ಲಾಳ ಕಟ್ಟುವವರು ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿಕೊಂಡು ಬನ್ನಿ. ನಮ್ಮ ಕಡೆ ಲಾಳ ಕಟ್ಟುವವರು ಈಗ ಒಬ್ಬರೇ ಇದ್ದಾರೆ, ಎಪ್ಪತ್ತು ದಾಟಿದೆ. ಮಗ ಆ ಕೆಲಸ ಬೇಡವೆಂದು ಬಸ್ ಸ್ಟ್ಯಾಂಡ್ ಎದುರು ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಹವಾನದಲ್ಲಿ ಆ ವರ್ಷಗಳಲ್ಲಿ ಬೀದಿಗೊಂದರಂತೆ ಹುಟ್ಟಿಕೊಂಡದ್ದೂ ಪಂಕ್ಚರ್ ಅಂಗಡಿಯೇ.