ಗ್ರೀಕ್ ಜಾಡಿಯ ಮೇಲಿನ ಯೋಧರು: ಗುರಾಣಿಯಿಂದ ಓದಲು ಶುರುಮಾಡಿ

ಪ್ರಾಚೀನ ಗ್ರೀಕ್ ಜಾಡಿಯ ಮೇಲೆ ಯೋಧರ ಚಿತ್ರ ಕಂಡರೆ ಮೊದಲು ಮುಖ ನೋಡಬೇಡಿ, ಗುರಾಣಿ ನೋಡಿ. ಹಾಪ್ಲೈಟ್ ಎನ್ನುವ ಕಾಲಾಳು ಅದನ್ನು ಎಡಗೈಗೇ ಹಾಕಿಕೊಳ್ಳುತ್ತಿದ್ದ. ಸುಮಾರು 90 ಸೆಂ.ಮೀ. ಅಗಲದ ಆ ದುಂಡು ಗುರಾಣಿಯ ಒಳಗೆ, ನಡುವೆ ಮುಂಗೈ ತೂರಿಸುವ ಪಟ್ಟಿ; ಅದು ಪೋರ್ಪಾಕ್ಸ್. ಅಂಚಿನ ಬಳಿ ಮುಷ್ಟಿಗೆ ಸಿಗುವ ಹಿಡಿ, ಅದು ಆಂಟಿಲಾಬೆ. ಹೀಗಾಗಿ ನಮ್ಮ ಬಲಕ್ಕೆ ನುಗ್ಗುವವನ ಮೈಯೂ ಗುರಾಣಿಯ ಒಳಭಾಗವೂ ಕಾಣುತ್ತವೆ. ಎಡಕ್ಕೆ ತಿರುಗಿದವನ ಮೈ ಗುರಾಣಿಯ ಮರೆಯಲ್ಲಿ, ಲಾಂಛನ ಮಾತ್ರ ನಮ್ಮ ಕಣ್ಣಿಗೆ. ಇಬ್ಬರ ಕಾಳಗದಲ್ಲಿ ಗೆಲ್ಲುವವನು ಹೆಚ್ಚಾಗಿ ಎಡದಿಂದ ಬಲಕ್ಕೆ ಸಾಗುತ್ತಾನೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಅಥೆನ್ಸ್‌ನ ಚಿತ್ರಕಾರ ಎಕ್ಸೆಕಿಯಾಸ್‌ನ ಜಾಡಿಯಲ್ಲಿ ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್ ಎಡಕ್ಕಿದ್ದಾನೆ, ಸಾಯುತ್ತಿರುವ ಅಮೆಜಾನ್ ಎಂಬ ಯೋಧೆಯರ ರಾಣಿ ಪೆಂಥೆಸಿಲಿಯಾ ಬಲಕ್ಕೆ ಕುಸಿದಿದ್ದಾಳೆ. ಇದು ವಾಡಿಕೆಯಷ್ಟೇ, ಕಟ್ಟಳೆಯಲ್ಲ.

ಗುರಾಣಿಯ ಎರಡು ಪಕ್ಕದಲ್ಲಿ ಕಚ್ಚು ಕೊಟ್ಟಿದ್ದರೆ ಅದು ಬಿಯೋಷಿಯನ್ ಬಗೆಯದು. ಸಾಮಾನ್ಯವಾಗಿ ಚಿತ್ರಕಾರ ಇದನ್ನು ಕೊಟ್ಟನೆಂದರೆ ‘ಇವನು ಪುರಾಣಕಾಲದ ವೀರ’ ಎಂದು ಸೂಚಿಸುತ್ತಿದ್ದಾನೆ. ಬತ್ತಲೆ ಮೈಗೆ ಶಿರಸ್ತ್ರಾಣ, ಕಣಕಾಲ ಕವಚ ಮಾತ್ರ ತೊಟ್ಟವನೂ ಹಾಗೆಯೇ. ಹಾಗೆ ಯಾರೂ ರಣರಂಗಕ್ಕೆ ಹೋಗುತ್ತಿರಲಿಲ್ಲ. ಸಾಲುಗಟ್ಟಿ ಹೋರಾಡುವ ಪಡೆಯ ಚಿತ್ರ ಬೇಕಿದ್ದರೆ ಕೊರಿಂತ್‌ನ ‘ಕೀಜಿ’ ಎಂದು ಹೆಸರಾದ ಹೂಜಿ ನೋಡಿ. ಕ್ರಿ.ಪೂ. 650ರ ಆಸುಪಾಸಿನದು, ಎತ್ತರ 26 ಸೆಂ.ಮೀ. ಮಾತ್ರ. ಅದರಲ್ಲಿ ಹೆಜ್ಜೆಗೆ ತಾಳ ಕೊಡಲು ಜೋಡಿಕೊಳಲು ಊದುವವನೂ ಇದ್ದಾನೆ.

ಈಗ ಬಣ್ಣ. ನಾವು ಎಡವುವುದೇ ಇಲ್ಲಿ. ಜಾಡಿಯ ಮೇಲಿನ ಕಪ್ಪು ಎಂಬುದು ಹಚ್ಚಿದ ಬಣ್ಣವಲ್ಲ, ಮಡಕೆಯ ಮಣ್ಣಿನಂಥದೇ ಕಬ್ಬಿಣವಿರುವ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ ತೆಗೆದ ಅತಿ ನುಣುಪಾದ ಬಗ್ಗಡ. ಆವಿಗೆಯಲ್ಲಿ ಒಮ್ಮೆಗೇ ಮೂರು ಹಂತ. ಮೊದಲು ಗಾಳಿ ಬಿಟ್ಟು ಸುಮಾರು 800 ಡಿಗ್ರಿವರೆಗೆ ಕಾಯಿಸಿದಾಗ ಎಲ್ಲವೂ ಕೆಂಪು. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಸೌದೆ ಹಾಕಿ 950ರ ಹತ್ತಿರ ಒಯ್ದರೆ ಆಮ್ಲಜನಕ ಸಾಲದೆ ಎಲ್ಲವೂ ಕಪ್ಪು. ಈ ಹೊತ್ತಿಗೆ ಬಗ್ಗಡದ ಪದರ ಅರೆಗರಗಿ ಗಾಜಿನಂತೆ ಮುಚ್ಚಿಕೊಳ್ಳುತ್ತದೆ. ಆರುವಾಗ ಮತ್ತೆ ಗಾಳಿ ಬಿಟ್ಟರೆ ರಂಧ್ರಗಳಿರುವ ಮೈ ಕೆಂಪಿಗೆ ಮರಳುತ್ತದೆ, ಮುಚ್ಚಿಕೊಂಡ ಪದರ ಕಪ್ಪಾಗಿಯೇ ಉಳಿಯುತ್ತದೆ. ನಡುವಿನ ಹಂತದಲ್ಲಿ ಕಾವು ಸಾಲದಿದ್ದರೆ ಪದರವೂ ಕಂದಾಗುತ್ತದೆ. ಹೆಚ್ಚಾದರೆ ಮೈಯೂ ಮುಚ್ಚಿಕೊಂಡು ಬೂದುಬಣ್ಣಕ್ಕೆ ನಿಲ್ಲುತ್ತದೆ. ಬಟ್ಟಲುಗಳನ್ನು ಪೇರಿಸಿದಾಗ ತಳ ತಾಗಿದ ಕಡೆ ಕೆಂಪು ವೃತ್ತ ಉಳಿಯುವುದುಂಟು. ಯೋಧನ ಮೈಮೇಲೆ ಅಂಥ ಕೆಂಪು ಕಂಡರೆ ರಕ್ತವೆಂದು ಬರೆದುಬಿಡಬೇಡಿ. ಗಾಯಕ್ಕೆ, ತುರಾಯಿಗೆ ಹಚ್ಚಿದ ಕೆಂಪು ನೇರಳೆ ಛಾಯೆಯದು, ಹೊಳಪಿಲ್ಲದ್ದು.

ಕೆಂಪು ಮಣ್ಣಿನ ಮೇಲೆ ಆಕೃತಿ ಕಪ್ಪಾಗಿರುವುದು ಹಳೆಯ, ಕಪ್ಪು ಆಕೃತಿಯ ಶೈಲಿ. ಅದರಲ್ಲಿ ವಿವರಗಳನ್ನು ಮೊನೆಯಿಂದ ಗೀರುತ್ತಾರೆ, ಹೆಂಗಸರ ಮೈಗೆ ಬಿಳಿ ಮೆತ್ತುತ್ತಾರೆ. ಈ ಬಿಳಿ ಬೇಗ ಉದುರುತ್ತದೆ. ಆಗ ಅಮೆಜಾನ್ ಗಂಡಸಿನಂತೆ ಕಾಣುತ್ತಾಳೆ. ಕಣ್ಣು ನೋಡಿ: ಗಂಡಸರದು ದುಂಡಗೆ, ಹೆಂಗಸರದು ಬಾದಾಮಿಯಾಕಾರ. ಕ್ರಿ.ಪೂ. 525ರ ಸುಮಾರಿಗೆ ಅಥೆನ್ಸ್‌ನಲ್ಲಿ ಬಂದ ಕೆಂಪು ಆಕೃತಿಯ ಶೈಲಿ ಇದನ್ನು ತಿರುವುಮುರುವು ಮಾಡಿತು. ಹಿನ್ನೆಲೆ ಕಪ್ಪು, ಆಕೃತಿ ಮಣ್ಣಿನ ಬಣ್ಣ, ಗೀರುವ ಬದಲು ಗೆರೆ ಎಳೆಯುವುದು. ಬಗ್ಗಡವನ್ನು ತೆಳುಮಾಡಿ ಎಳೆದ ಹೊಂಗಂದು ಗೆರೆಗಳಲ್ಲಿ ಸ್ನಾಯುಗಳು ಮೂಡಿದವು.

ಅಭ್ಯಾಸಕ್ಕೆ ವ್ಯಾಟಿಕನ್ನಿನಲ್ಲಿರುವ ಎಕ್ಸೆಕಿಯಾಸ್‌ನ ಜಾಡಿಗಿಂತ ಒಳ್ಳೆಯದಿಲ್ಲ. ಎತ್ತರ 61 ಸೆಂ.ಮೀ., ಕ್ರಿ.ಪೂ. 540–530ರ ನಡುವಿನದು, ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಅಕಿಲೀಸ್ ಮತ್ತು ಅವನ ಜೊತೆಯ ಗ್ರೀಕ್ ವೀರ ಏಜಾಕ್ಸ್ ಮಣೆಯಾಟಕ್ಕೆ ಬಾಗಿದ್ದಾರೆ. ಇಬ್ಬರ ಹೆಗಲಿಗೂ ಒರಗಿದ ಜೋಡಿ ಈಟಿಗಳು ಓರೆಯಾಗಿ ಇಳಿದು ನಮ್ಮ ಕಣ್ಣನ್ನು ಮಣೆಗೇ ಒಯ್ಯುತ್ತವೆ. ಅಕಿಲೀಸ್‌ನ ಬಾಯಿಯ ಬಳಿ ‘ನಾಲ್ಕು’, ಏಜಾಕ್ಸ್‌ನ ಬಾಯಿಯ ಬಳಿ ‘ಮೂರು’ ಎಂಬ ಬರಹ. ಗೆಲ್ಲುತ್ತಿರುವವನ ತಲೆಯ ಮೇಲೆ ಶಿರಸ್ತ್ರಾಣವಿದೆ. ಏಜಾಕ್ಸ್‌ನದು ಹಿಂದೆ ಗುರಾಣಿಯ ಮೇಲೆ ಕೂತಿದೆ. ಈ ಪ್ರಸಂಗಕ್ಕೆ ಟ್ರಾಯ್ ಯುದ್ಧದ ಮಹಾಕಾವ್ಯ ಇಲಿಯಡ್‌ನಲ್ಲಿ ಸಾಲು ಹುಡುಕಬೇಡಿ, ಅಲ್ಲಿ ಇದು ಇಲ್ಲವೇ ಇಲ್ಲ. ಆದರೂ ಜಾಡಿಗಳ ಮೇಲೆ ಇದು ಎಷ್ಟೋ ಸಲ ಮರುಕಳಿಸಿದೆ. ಕೆಲವದರಲ್ಲಿ ಇಬ್ಬರ ನಡುವೆ ಅಥೀನಾ ದೇವಿಯೇ ಬಂದು ನಿಂತಿದ್ದಾಳೆ.