ರೇಷ್ಮೆಗೆ ಚಿನ್ನ ಹಿಡಿಸಲು ಹೊರಟಾಕೆ

ಚಿನ್ನವನ್ನು ತಂತಿ ಎಳೆದು ಬಟ್ಟೆಗೆ ನೇಯುವುದು ಹಳೇ ವಿದ್ಯೆ. ಅದರ ಬದಲು ಚಿನ್ನದ ದ್ರಾವಣದಲ್ಲಿ ಬಟ್ಟೆ ಅದ್ದಿ, ಬಟ್ಟೆಯ ಮೇಲೇ ಅದನ್ನು ಮತ್ತೆ ಲೋಹವಾಗಿಸಿದರೆ ಹೇಗೆ? 1780ರಲ್ಲಿ ಬ್ರಿಟನ್ನಿನ ಎಲಿಜಬೆತ್ ಫುಲ್‌ಹೇಮ್ ಅವರಿಗೆ ಬಂದ ಯೋಚನೆ ಇದು. ಗಂಡ ಥಾಮಸ್ ವೈದ್ಯರು, ರಸಾಯನಶಾಸ್ತ್ರ ತಿಳಿದವರು. ಗಂಡನಿಗೂ ಸ್ನೇಹಿತರಿಗೂ ಇದು ಆಗಹೋಗದ ಮಾತು ಅನ್ನಿಸಿತು. ಫುಲ್‌ಹೇಮ್ ಬಿಡಲಿಲ್ಲ.

ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿದ ರೇಷ್ಮೆ ತುಂಡನ್ನು ಚೆನ್ನಾಗಿ ಒಣಗಿಸಿ ಹೈಡ್ರೋಜನ್ ಅನಿಲಕ್ಕೆ ಒಡ್ಡಿದರು. ಏನೂ ಆಗಲಿಲ್ಲ. ಒದ್ದೆ ತುಂಡನ್ನು ಒಡ್ಡಿದಾಗ ಮಾತ್ರ ಚಿನ್ನ ಮಿನುಗತೊಡಗಿತು. ಜೊತೆಗೆ ನೇರಳೆ, ನೀಲಿ ಬಣ್ಣಗಳೂ ಮೂಡಿದವು. ಚಿನ್ನದ ಬಟ್ಟೆಯಷ್ಟೇ ಬೇಕಿದ್ದವರಿಗೆ ಇಷ್ಟು ಸಾಕಲ್ವಾ? ಒದ್ದೆ ಬಟ್ಟೆ ಬಳಸಿಕೊಂಡು ಸುಮ್ನೆ ಮುಂದೆ ಹೋಗಬಹುದಿತ್ತು. ಆದರೆ ಒಣಗಿದ್ದು ಯಾಕೆ ಸೋತಿತು ಎಂಬುದನ್ನೇ ಅವರು ಹಿಡಿದು ಕೂತರು. ನೀರಿನ ಬದಲು ಆಲ್ಕೋಹಾಲ್, ಈಥರ್ ಬಳಸಿ ನೋಡಿದರು. ಹೈಡ್ರೋಜನ್ ಜಾಗದಲ್ಲಿ ರಂಜಕ, ಗಂಧಕ, ಇದ್ದಿಲು ಇಟ್ಟರು. ಬೆಳ್ಳಿ, ತಾಮ್ರ, ಸೀಸದ ಲವಣಗಳನ್ನೂ ಬಿಡಲಿಲ್ಲ. ಬರೀ ಬೆಳಕಿನಿಂದಲೂ ಲೋಹ ಬರಿಸಿದರು. ಭೂಪಟದ ನದಿಗಳನ್ನು ಬೆಳ್ಳಿಯಲ್ಲಿ ಮೂಡಿಸಿದ್ದೂ ಉಂಟು!

ಅವರಿಗೆ ಸಿಕ್ಕ ಉತ್ತರ ಒಂದೇ: ಇದೆಲ್ಲ ನಡೆಯಲು ನೀರು ಬೇಕು. ಅವರ ವಿವರಣೆ ಹೀಗಿತ್ತು. ಮೊದಲು ನೀರು ಒಡೆಯುತ್ತದೆ. ಅದರ ಆಕ್ಸಿಜನ್ ಇದ್ದಿಲಿನಂಥ ವಸ್ತುವಿಗೆ ಸೇರುತ್ತದೆ. ಬಿಡುಗಡೆಯಾದ ಹೈಡ್ರೋಜನ್, ಲೋಹಕ್ಕೆ ಅಂಟಿದ್ದ ಆಕ್ಸಿಜನ್ನನ್ನು ಕಿತ್ತುಕೊಂಡು ಮತ್ತೆ ನೀರಾಗುತ್ತದೆ. ಹೋದಷ್ಟೇ ನೀರು ವಾಪಸ್ ಬಂತು, ಲೋಹವೂ ಬಂತು. ಕ್ರಿಯೆಯಲ್ಲಿ ಪಾಲುಗೊಂಡೂ ಖರ್ಚಾಗದ ಇಂಥ ವಸ್ತುವಿಗೆ ಇವತ್ತು ವೇಗವರ್ಧಕ ಎನ್ನುತ್ತೇವೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬೆರ್ಸೀಲಿಯಸ್ ಈ ಬಗೆಯ ಕ್ರಿಯೆಗೆ 'ಕ್ಯಾಟಲಿಸಿಸ್' ಎಂದು ಹೆಸರಿಟ್ಟಿದ್ದು 1835ರ ಹೊತ್ತಿಗೆ. ಫುಲ್‌ಹೇಮ್ ತಮ್ಮ ಪುಸ್ತಕವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದು 1794ರಲ್ಲಿ. ಅದಕ್ಕೆ ಹಿಂದಿನ ವರ್ಷ ರಸಾಯನಶಾಸ್ತ್ರಜ್ಞ ಜೋಸೆಫ್ ಪ್ರೀಸ್ಟ್ಲಿ, ಫುಲ್‌ಹೇಮ್ ಅವರ ಕೆಲಸ ನೋಡಿ ಹುರಿದುಂಬಿಸಿದ್ದರು. ವಿದ್ಯೆ ಎಂದರೇ ಕೆಲವರಿಗೆ ಭೂತ ಕಂಡಂತೆ, ಆ ಭೂತ ಹೆಂಗಸಿನ ರೂಪದಲ್ಲಿ ಬಂದರಂತೂ ಎಂಥ ಸಂಕಟ ಎಂದು ಫುಲ್‌ಹೇಮ್ ಮುನ್ನುಡಿಯಲ್ಲೇ ಕುಟುಕಿದ್ದಾರೆ. ಬರುವ ಟೀಕೆ ಎಂಥದ್ದು ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಯಾರೂ ಗಮನಿಸಲೇ ಇಲ್ಲ ಎನ್ನುವಂತಿಲ್ಲ. 1798ರಲ್ಲಿ ಪುಸ್ತಕ ಜರ್ಮನ್ ಭಾಷೆಗೆ ಹೋಯಿತು. ಅದೇ ವರ್ಷ ವಿಜ್ಞಾನಿ ಕೌಂಟ್ ರಮ್‌ಫರ್ಡ್, ಫುಲ್‌ಹೇಮ್ ಅವರ ಪ್ರಯೋಗಗಳನ್ನು ತಾವೂ ಮಾಡಿ ನೋಡಿ ಬರೆದರು. 1810ರಲ್ಲಿ ಫಿಲಡೆಲ್ಫಿಯಾದಲ್ಲೂ ಪುಸ್ತಕ ಅಚ್ಚಾಯಿತು, ಅಲ್ಲಿನ ರಸಾಯನಶಾಸ್ತ್ರ ಸಂಘ ಗೌರವ ಸದಸ್ಯತ್ವವನ್ನೂ ಕೊಟ್ಟಿತ್ತು. ಆಮೇಲೆ ಹೆಸರು ಮಸುಕಾಯಿತು.

ಹೆಂಗಸು ಎಂಬ ಕಾರಣ ಇದ್ದೇ ಇತ್ತು. ಜೊತೆಗೆ, ದಹನ ಹೇಗಾಗುತ್ತದೆ ಎಂಬ ಆಗಿನ ಜಗಳದಲ್ಲಿ ಫ್ಲೋಜಿಸ್ಟನ್ ಪಕ್ಷ (ಉರಿಯುವಾಗ ವಸ್ತುವಿನಿಂದ ಫ್ಲೋಜಿಸ್ಟನ್ ಎಂಬುದು ಹೊರಹೋಗುತ್ತದೆ ಎನ್ನುವವರು), ಲಾವೋಸಿಯೆ ಪಕ್ಷ (ಆಕ್ಸಿಜನ್ ಬಂದು ಸೇರುತ್ತದೆ ಎನ್ನುವವರು) ಎರಡನ್ನೂ ಅವರು ಎದುರುಹಾಕಿಕೊಂಡಿದ್ದರು. ಹಾಗಾಗಿ ತಮ್ಮವರು ಅಂತ ಎತ್ತಿ ಹಿಡಿಯುವವರು ಸಿಗಲಿಲ್ಲ ಅನ್ನಿಸುತ್ತದೆ. ಎಲ್ಲ ದಹನಕ್ಕೂ ನೀರು ಬೇಕೇ ಬೇಕು ಎಂದದ್ದು ಜಾಸ್ತಿಯೇ ಆಯಿತು, ಅದು ತಪ್ಪು. ಆದರೆ ಪೂರ್ತಿ ತಪ್ಪೂ ಅಲ್ಲ. 1880ರಲ್ಲಿ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಡಿಕ್ಸನ್, ಕಾರ್ಬನ್ ಮೊನಾಕ್ಸೈಡ್ ಮತ್ತು ಆಕ್ಸಿಜನ್ನಿನ ಮಿಶ್ರಣವನ್ನು ಚೆನ್ನಾಗಿ ಒಣಗಿಸಿ ವಿದ್ಯುತ್ ಕಿಡಿ ಹಾಯಿಸಿದರು. ಅದು ಸಿಡಿಯಲಿಲ್ಲ. ಒಂಚೂರು ನೀರಾವಿ ಇದ್ದಾಗ ಸಿಡಿಯಿತು.