ಹರಾಜಿನಲ್ಲಿ ಗೆದ್ದ ಹಮ್ವಿ ರಸ್ತೆಗಿಳಿಯುತ್ತಾ?

ಪ್ರಶ್ನೆ: ಅಮೆರಿಕದ ಸೇನೆ ತನ್ನ ಹಳೆ ಹಮ್ವಿಗಳನ್ನು, ಅಂದರೆ ಜೀಪಿನಂಥ ಅಗಲವಾದ ಸೇನಾ ಗಾಡಿಗಳನ್ನು, ಹರಾಜು ಹಾಕುತ್ತದಂತೆ. ಕೊಂಡವರು ಅದನ್ನು ಕಾರಿನ ಹಾಗೆ ಊರಲ್ಲೆಲ್ಲ ಓಡಿಸಬಹುದಾ?

ಕೊಳ್ಳೋದಕ್ಕೆ ಅಡ್ಡಿಯಿಲ್ಲ. ಓಡಿಸೋದು ಮಾತ್ರ ಜೊತೆಗೆ ಬರುವ ಒಂದು ಹಾಳೆಯ ಮೇಲೆ ನಿಂತಿದೆ.

ಆ ಹಾಳೆಯ ಹೆಸರು ಎಸ್‌ಎಫ್-97. ಅಮೆರಿಕದ ಸರ್ಕಾರ ಗಾಡಿ ಮಾರಿದಾಗ ಕೊಡುವ ಪತ್ರ ಇದು. ಇದನ್ನು ತೋರಿಸಿಯೇ ರಾಜ್ಯದ ವಾಹನ ಕಚೇರಿಯಲ್ಲಿ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಎಷ್ಟೋ ಹಮ್ವಿಗಳ ಪತ್ರದಲ್ಲಿ 'ರಸ್ತೆಯಾಚೆ ಬಳಕೆಗೆ ಮಾತ್ರ' ಅಂತ ಬರೆದಿರುತ್ತದೆ. ಅಂದರೆ ಹೊಲ, ಕಾಡು, ಸ್ವಂತ ಜಮೀನು, ಅಷ್ಟೇ. ಕೆಲವು ರಾಜ್ಯಗಳು ಹಾಗಿದ್ದರೂ ನಂಬರ್ ಕೊಡುತ್ತವೆ, ಕೆಲವು ಕೌಂಟರ್‌ನಲ್ಲೇ ವಾಪಸ್ ಕಳಿಸುತ್ತವೆ. ಹಾಗಾಗಿ ಬಿಡ್ ಹಾಕೋ ಮೊದಲೇ ನಿಮ್ಮ ರಾಜ್ಯದ ಕಚೇರಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಸರ್ಕಾರಕ್ಕೆ ಯಾಕಿಷ್ಟು ಭಯ? ಊರಿನ ಕಾರುಗಳಿಗಿರುವ ಸುರಕ್ಷತಾ ನಿಯಮಗಳನ್ನು ನೋಡಿ ಕಟ್ಟಿದ ಗಾಡಿ ಇದಲ್ಲ. ಏರ್‌ಬ್ಯಾಗ್ ಅಂತೂ ಕೇಳಲೇಬೇಡಿ. ಹಿಂದೆ ಸೇನೆಯ ಎಂ151 ಅನ್ನೋ ಜೀಪ್ ತಿರುವಿನಲ್ಲಿ ಪಲ್ಟಿ ಹೊಡೆಯುವುದಕ್ಕೆ ಕುಖ್ಯಾತವಾಗಿತ್ತು. ಅದನ್ನು ಜನರಿಗೆ ಇಡಿಯಾಗಿ ಮಾರುವುದನ್ನೇ ನಿಲ್ಲಿಸಿ, ತುಂಡು ಮಾಡಿ ಗುಜರಿಗೆ ಹಾಕಿದರು.

ಹಮ್ವಿ ಹರಾಜು ಶುರುವಾಗಿದ್ದು 2014ರ ಡಿಸೆಂಬರ್‌ನಲ್ಲಿ. ಮೊದಲ ಕಂತಿನಲ್ಲಿ 25 ಗಾಡಿ, ಆರಂಭದ ಬಿಡ್ 10,000 ಡಾಲರ್. ಅದೂ ರಸ್ತೆಯಾಚೆ ಬಳಕೆಗೇ. ಬಿಡ್ ಗೆದ್ದ ತಕ್ಷಣ ಗಾಡಿ ಕೈಗೆ ಬರೋದಿಲ್ಲ. ಕೊಂಡವರು ಯಾರು, ಯಾವ ಕೆಲಸಕ್ಕೆ ಅಂತ ಅರ್ಜಿ ತುಂಬಬೇಕು, ಅದನ್ನು ಪರಿಶೀಲಿಸಿ ಒಪ್ಪಬೇಕು. ವಾರಗಟ್ಟಲೆ ಕಾಯಬೇಕಾಗುತ್ತೆ. ಅನುಮತಿಯಿಲ್ಲದೆ ದೇಶದ ಹೊರಗೆ ಕಳಿಸುವಂತೆಯೂ ಇಲ್ಲ.

ಇನ್ನು ಗಾಡಿ. 'ಇದ್ದಲ್ಲೇ, ಇದ್ದ ಹಾಗೇ' ಅನ್ನೋದು ಇಂಥ ಮಾರಾಟದ ಷರತ್ತು. ಆಮೇಲೆ ತಕರಾರು ಮಾಡಿ ಪ್ರಯೋಜನವಿಲ್ಲ. ಒಳಗೆ ಕೂತರೆ ಮೊದಲು ಹುಡುಕೋದು ಕೀಲಿ ಹಾಕೋ ಜಾಗವನ್ನು. ಅದಿಲ್ಲ! ಎಡಗಡೆ ಒಂದು ತಿರುಗಿಸುವ ಸ್ವಿಚ್ ಇದೆ. ತಿರುಗಿಸಿದರೆ 'ವೇಟ್' ಅನ್ನೋ ದೀಪ ಹತ್ತುತ್ತದೆ. ಡೀಸೆಲ್ ಎಂಜಿನ್ನಿನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಬಿಸಿಯಾಗಿ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಕೀಲಿಯೇ ಇಲ್ಲದ್ದರಿಂದ ಸ್ಟೀರಿಂಗ್‌ಗೆ ಸರಪಳಿ ಸುತ್ತಿ ಬೀಗ ಜಡಿಯುವುದೇ ಭದ್ರತೆ. ವೈರಿಂಗ್ 24 ವೋಲ್ಟ್‌ನದು, ಅಂಗಡಿಯಲ್ಲಿ ಸಿಗೋ 12 ವೋಲ್ಟ್‌ನ ಸ್ಟೀರಿಯೋ ನೇರವಾಗಿ ಜೋಡಿಸಿದರೆ ಸುಟ್ಟೇ ಹೋಗುತ್ತೆ. ಅಗಲ 7 ಅಡಿ, ಸಾಮಾನ್ಯ ಗ್ಯಾರೇಜಿನ ಬಾಗಿಲಲ್ಲಿ ಉಸಿರು ಬಿಗಿಹಿಡಿದೇ ನುಗ್ಗಿಸಬೇಕು. ಚಕ್ರದ ಹತ್ತಿರವೇ ಗೇರ್ ಪೆಟ್ಟಿಗೆಗಳಿವೆ, ನಾಲ್ಕೂ ಕಡೆ ಬಗ್ಗಿ ನೋಡಿ. ಎಣ್ಣೆ ಸೋರಿದ ಗುರುತಿದ್ದರೆ ರಿಪೇರಿ ಖರ್ಚನ್ನೂ ಬಿಡ್‌ನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಂಬರ್ ಇಲ್ಲದ ಗಾಡಿಯನ್ನು ಟ್ರೇಲರ್ ಮೇಲೆಯೇ ಸಾಗಿಸಬೇಕು, ಆ ಬಾಡಿಗೆಯನ್ನೂ.

ರಸ್ತೆಯಲ್ಲಿ ಓಡಿಸೋದೇ ಆಸೆ ಅಂದ್ರೆ, ನನ್ನ ಮಾತು ಕೇಳಿ, ಹರಾಜು ಬಿಟ್ಟುಬಿಡಿ. ನಿಮ್ಮದೇ ರಾಜ್ಯದಲ್ಲಿ ಈಗಾಗಲೇ ನಂಬರ್ ಪಡೆದ ಹಮ್ವಿಯನ್ನು ಯಾರಾದರೂ ಮಾರುತ್ತಿದ್ದರೆ ಕೊಳ್ಳಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಬೇರೆ ರಾಜ್ಯದ ನಂಬರ್ ಆದರೆ ಮಾತ್ರ ಅವಸರ ಬೇಡ, ನಿಮ್ಮ ಕಚೇರಿ ಅದನ್ನು ಒಪ್ಪದೇ ಇರಬಹುದು.